ಪಕ್ಕದಲ್ಲಿ ಕೂರುವ ಗೆಳತಿ

ನಮ್ಮ ಸಿನಿಮಾಗಳಲ್ಲಿ ಅತ್ಯಾಚಾರದ ಕಥೆ ಬಹುಪಾಲು ಎರಡೇ ಬಗೆಯಲ್ಲಿ ಮುಗಿಯುತ್ತದೆ. ಹೆಣ್ಣು ಸಾಯುತ್ತಾಳೆ, ಇಲ್ಲವೇ ಉದಾರಿಯಾದ ಗಂಡಸೊಬ್ಬ ಅವಳಿಗೆ ತಾಳಿ ಕಟ್ಟುತ್ತಾನೆ. ಬದುಕುಳಿದವಳು ಮರುದಿನ ಏಳುವುದು ಹೇಗೆ, ಯಾರೊಡನೆ ಮಾತಾಡುವುದು? ಈ ಪ್ರಶ್ನೆ ಕೇಳುವವರು ಕಡಿಮೆ. ಧಾರವಾಡದಲ್ಲಿ ಹುಟ್ಟಿದ, ನಾಟಕಕಾರ ಶ್ರೀರಂಗರ ಮಗಳಾದ ಶಶಿ ದೇಶಪಾಂಡೆಯವರ ಇಂಗ್ಲಿಷ್ ಕಾದಂಬರಿ 'ದಿ ಬೈಂಡಿಂಗ್ ವೈನ್' (1993) ಅದನ್ನು ಕೇಳುತ್ತದೆ.

ಊರ್ಮಿ ಮುಂಬಯಿಯ ಕಾಲೇಜು ಅಧ್ಯಾಪಕಿ. ಎಳೆಯ ಮಗಳನ್ನು ಕಳೆದುಕೊಂಡ ದುಃಖದಲ್ಲಿರುವಾಗ ಆಸ್ಪತ್ರೆಯಲ್ಲಿ ಆಕೆಗೆ ಶಕುತಾಯಿ ಎಂಬ ಬಡ ತಾಯಿಯ ಪರಿಚಯವಾಗುತ್ತದೆ. ಶಕುತಾಯಿಯ ಮಗಳು ಕಲ್ಪನಾ ಅತ್ಯಾಚಾರಕ್ಕೊಳಗಾಗಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಮಗಳ ಹೆಸರು ಕೆಡುತ್ತದೆಂದು ಹೆದರಿದ ತಾಯಿ, ಇದನ್ನು ಪೊಲೀಸರಿಗೆ ಹೇಳಬೇಡಿ ಎಂದು ಅಂಗಲಾಚುತ್ತಾಳೆ. ದಾಖಲೆಯಲ್ಲಿ ಅದು ಅಪಘಾತವಾಗುತ್ತದೆ. ಸೊಸೆಯರ ಸಾವನ್ನು 'ಸ್ಟವ್ ಸಿಡಿದು' ಎಂದು ಬರೆದು ಮುಗಿಸಿದ್ದನ್ನು ಕಂಡ ನಮಗೆ ಈ ಪದದ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾದಂಬರಿಯಲ್ಲಿ ಇನ್ನೊಬ್ಬಳಿದ್ದಾಳೆ: ಎಂದೋ ಹೆರಿಗೆಯಲ್ಲಿ ತೀರಿಕೊಂಡ, ಊರ್ಮಿಯ ಗಂಡನ ತಾಯಿ ಮೀರಾ. ಆಕೆಯ ದಿನಚರಿ ಇಂಗ್ಲಿಷಿನಲ್ಲಿದೆ, ಕವಿತೆಗಳು ಕನ್ನಡದಲ್ಲಿವೆ. ಮದುವೆಯೊಳಗಿನ ಬಲಾತ್ಕಾರದ ನೋವನ್ನು ಹೇಳಲು ಅವಳಿಗೆ ತಾಯ್ನುಡಿಯೇ ಬೇಕಾಯಿತು. ಆ ನೋವಿಗೆ ಇಂದಿಗೂ ಅಪರಾಧವೆಂಬ ಹೆಸರಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಎಸಗುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗೇ ಇಟ್ಟಿದೆ.

ಕಲ್ಪನಾ ಕಣ್ಣು ತೆರೆಯುವುದಿಲ್ಲ. ಹಾಗಿದ್ದರೂ ಇದನ್ನು ಚೇತರಿಕೆಯ ಕಾದಂಬರಿ ಎನ್ನುತ್ತೇನೆ. ಮೊದಮೊದಲು ಶಕುತಾಯಿ ಮಗಳ ಅಲಂಕಾರವನ್ನೇ ದೂರುತ್ತಾಳೆ. ಊರ್ಮಿ ಆಕೆಗೆ ಬುದ್ಧಿ ಹೇಳಿ ಎದ್ದು ಹೋಗುವುದಿಲ್ಲ. ಮತ್ತೆ ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಒಬ್ಬಳು ಮಗಳನ್ನು ಕಳೆದುಕೊಂಡವಳು, ಇನ್ನೊಬ್ಬಳು ಕಳೆದುಕೊಳ್ಳುತ್ತಿರುವವಳು. ಜಾತಿ-ವರ್ಗದ ಗೋಡೆ ಅಲ್ಲೇ ಇದ್ದರೂ ಮಾತು ಸಾಗುತ್ತದೆ. ಪ್ರೀತಿ ಎಂದರೆ ಇಲ್ಲಿ ಇದೇ.

ಆದರೆ ಗೆಳೆತನವೂ ಸುಲಭವಲ್ಲ. ಊರ್ಮಿಯಿಂದಾಗಿ ವಿಷಯ ಪತ್ರಿಕೆಗೆ ಹೋಗುತ್ತದೆ. ಅಪರಾಧಿ ಶಕುತಾಯಿಯ ತಂಗಿ ಸುಲುವಿನ ಗಂಡನೇ ಎಂದು ತಿಳಿಯುತ್ತದೆ. ಸುಲು ಬೆಂಕಿ ಹಚ್ಚಿಕೊಂಡು ಸಾಯುತ್ತಾಳೆ. ಹಾಗಾದರೆ ಮೌನವೇ ಮೇಲಾಗಿತ್ತೇ? ಖಂಡಿತ ಅಲ್ಲ. ಆದರೆ ಚಳವಳಿಯವರಾದ ನಾವು ಇಲ್ಲಿ ಒಂದು ಪಾಠ ಕಲಿಯಬೇಕು. ಯಾವಾಗ, ಎಷ್ಟು, ಯಾರ ಮುಂದೆ ಹೇಳಬೇಕೆಂಬ ತೀರ್ಮಾನ ಆ ಹೆಣ್ಣಿನದಾಗಿರಬೇಕು. ಬಾಯಿ ಬಿಡಿಸಿದವರು ಸುದ್ದಿ ತಣ್ಣಗಾದ ಮೇಲೂ ಜೊತೆಗಿರಬೇಕು.

ನೊಂದವಳು ಹೀಗೇ ಇರಬೇಕೆಂದು ಹೇಳುವವರಿಗೇನೂ ಕೊರತೆಯಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಟೀಕೆ ಬಂತು. ಮಹಿಳೆಯರು ಪ್ರತಿಭಟಿಸಿದರು, ಮುಂದಿನ ತಿಂಗಳೇ ಆ ಸಾಲು ತೆಗೆಯಲ್ಪಟ್ಟಿತು. ಆದರೆ ನೆರೆಹೊರೆಯವರ ಬಾಯಿಂದ ಅಂಥ ಸಾಲುಗಳನ್ನು ತೆಗೆಸುವವರು ಯಾರು?

ಆರ್.ಟಿ. ನಗರ, ಯಲಹಂಕಗಳ ನಮ್ಮಂಥವರ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳ ಕೆನ್ನೆ ಊದಿದ್ದರೆ, 'ಬಾಗಿಲು ತಗಲ್ತು ಅಮ್ಮ' ಎನ್ನುತ್ತಾಳೆ. ನಾವು ಒಪ್ಪಿಬಿಡುತ್ತೇವೆ. ಒಪ್ಪದಿದ್ದರೆ ಪಾತ್ರೆ ಬದಿಗಿಟ್ಟು ಅವಳೊಡನೆ ಕೂರಬೇಕಾಗುತ್ತದಲ್ಲ! ಕೂತರೆ ಹೇಳಬಹುದಾದದ್ದು ಬಹಳವಿದೆ. ಅತ್ಯಾಚಾರಕ್ಕೊಳಗಾದವಳಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವಳ ಹೆಸರು ಬಯಲು ಮಾಡುವುದು ಅಪರಾಧ. ಶಕುತಾಯಿಯ ಭಯಕ್ಕೆ ಕಾನೂನು ಇಷ್ಟಾದರೂ ಉತ್ತರ ಕೊಟ್ಟಿದೆ.

ಆದರೆ ಕಾನೂನು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಬಂದು ಕೂರುವುದಿಲ್ಲ. ಸೋದರಿಯರೇ, ಆ ಕೆಲಸ ನಮ್ಮದು.