ವ್ಯಂಗ್ಯಚಿತ್ರವೂ ನಮ್ಮ ಉಪಾಧ್ಯಾಯಿನಿಯೂ

ಹಳೆಯ ವಿನೋದಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ ನೋಡುವ ಹವ್ಯಾಸವುಳ್ಳ ವಾಚಕಮಹಾಶಯರಿಗೆ ಒಂದು ಬಗೆಯ ವ್ಯಂಗ್ಯಚಿತ್ರವು ಚಿರಪರಿಚಿತವಾಗಿರಲೇಬೇಕು. ಕನ್ನಡಕ ಧರಿಸಿ, ಕಂಕುಳಲ್ಲಿ ಕೊಡೆಯನ್ನಿರುಕಿಕೊಂಡು, ಓದಿದ ಹೆಣ್ಣು ಕೆಲಸಕ್ಕೆ ಹೊರಟು ನಿಂತಿರುವಳು. ಒಳಗೆ ಆಕೆಯ ಗಂಡನು ಒಂದು ಕೈಯಲ್ಲಿ ಸೌಟನ್ನೂ ಇನ್ನೊಂದು ಕೈಯಲ್ಲಿ ಅಳುವ ಕೂಸನ್ನೂ ಹಿಡಿದು ಕಣ್ಣುಕಣ್ಣು ಬಿಡುತ್ತಿರುವನು. ದೇಶ ಬದಲಾದರೂ ಈ ಅಚ್ಚು ಬದಲಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಕಾಳಿಘಾಟಿನ ಪಟಗಾರರು ಗಂಡಸನ್ನು ಕುರಿಯಾಗಿಸಿ ಹಗ್ಗವನ್ನು ಹೆಣ್ಣಿನ ಕೈಗೆ ಕೊಟ್ಟರು. ಅದೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಪಂಚ್ ಪತ್ರಿಕೆಯು 'ನವನಾರಿ'ಯನ್ನು ಬೈಸಿಕಲ್ಲಿನ ಮೇಲೆ ಕೂರಿಸಿ ನಕ್ಕಿತು.

ನಾವು ಹಾಸ್ಯದ್ವೇಷಿಗಳಲ್ಲ. ೧೯೪೨ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು, ಅಂದರೆ ನಮ್ಮೆಲ್ಲರ 'ರಾಶಿ'ಯವರು, ಆರಂಭಿಸಿದ 'ಕೊರವಂಜಿ'ಯು ೧೯೬೭ರವರೆಗೆ ಕನ್ನಡಿಗರಿಗೆ ನಗುವುದನ್ನು ಕಲಿಸಿತು. ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣರು ಅದಕ್ಕೆ ಚಿತ್ರಗಳನ್ನು ಬರೆದರು. (ಊರೂರು ಅಲೆದು ಕಣಿ ಹೇಳಿ ಹೊಟ್ಟೆ ಹೊರೆಯುವ ಹೆಣ್ಣಿನ ಹೆಸರನ್ನೇ ನಮ್ಮ ಪ್ರಸಿದ್ಧ ಹಾಸ್ಯಪತ್ರಿಕೆಯು ಇಟ್ಟುಕೊಂಡಿತೆಂಬುದು ಸ್ವಾರಸ್ಯವೇ ಸರಿ.) ಆದುದರಿಂದ ನಮ್ಮ ಆಕ್ಷೇಪವು ನಗೆಯ ಮೇಲಲ್ಲ. ಸೌಟಿನ ಗಂಡ, ಕೊಡೆಯ ಹೆಂಡತಿ ಎಂಬ ಆ ಸವೆದ ಅಚ್ಚಿನಲ್ಲಿ ಚಿತ್ರಕಾರನು ನಕ್ಕಿದ್ದು ಯಾವುದನ್ನು ಕಂಡು ಎಂಬುದಷ್ಟೇ ನಮ್ಮ ಪ್ರಶ್ನೆ.

ಹೆಣ್ಣು ದುಡಿಯುವುದನ್ನು ಕಂಡೇ? ಹಾಗಿದ್ದರೆ ಆತನು ನಮ್ಮ ಸೀಮೆಗೆ ಬರಬೇಕಾಗಿತ್ತು. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಪೈರು ನಾಟಿ ಮಾಡುವವರು ಹೆಂಗಸರು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಬೇಯಿಸುವ ಮನೆಗಳ ಮುಂದೆ ಕುಳಿತು, ಅಂಟು ಹಿಡಿದ ಬೆರಳುಗಳಿಂದ ಎಲೆಯನ್ನು ಕಡ್ಡಿಗೆ ಕಟ್ಟುವವರು ಹೆಂಗಸರು. ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹತ್ತಿ ಬಿಡಿಸುವವರೂ ಅವರೇ. ಇವರ ಕೂಸುಗಳು ಬದುವಿನ ಮೇಲೆ ಅತ್ತದ್ದುಂಟು. ಅದನ್ನು ಕಂಡು ಯಾರೂ ಚಿತ್ರ ಬರೆದು ನಗಲಿಲ್ಲ, ಇದರಿಂದ ಸಂಸಾರ ಕೆಟ್ಟಿತೆಂದು ಯಾರೂ ಮರುಗಲಿಲ್ಲ. ಹಾಗಾದರೆ ನಗೆ ಹುಟ್ಟಿದ್ದು ದುಡಿಮೆಯಿಂದಲ್ಲ. ಹೆಬ್ಬೆಟ್ಟಿನ ಬದಲು ರುಜು ಹಾಕಿ, ತನ್ನ ಸಂಬಳವನ್ನು ತಾನೇ ಎಣಿಸಿಕೊಂಡ ಹೆಣ್ಣನ್ನು ಕಂಡು ಹುಟ್ಟಿತು. ಲೇಖನಿಯೇ ಹಾಸ್ಯಾಸ್ಪದವಾಯಿತು, ಕುಡುಗೋಲು ಆಗಲಿಲ್ಲ.

ಆ ಲೇಖನಿಯು ಸುಲಭವಾಗಿ ದೊರೆತದ್ದಲ್ಲ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಸ್ಥಾಪಿತವಾದದ್ದು ೧೮೮೧ರಲ್ಲಿ. ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿದ ನಂಜನಗೂಡಿನ ತಿರುಮಲಾಂಬೆಯವರು ೧೯೧೩ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತೆರೆದರು. ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ ಕೈಗೆತ್ತಿಕೊಂಡ 'ಸರಸ್ವತಿ'ಯನ್ನು ನಾಲ್ಕು ದಶಕಗಳ ಕಾಲ ಬಿಡದೆ ನಡೆಸಿದರು. ನಗೆಯ ಚಿತ್ರಗಳ ನಡುವೆಯೇ ಇದೆಲ್ಲ ನಡೆಯಿತೆಂಬುದನ್ನು ಮರೆಯಲಾಗದು.

ಕನ್ನಡನಾಡು ಒಂದಾಗಬೇಕೆಂದು ಹಂಬಲಿಸಿದವರು ಈ ಮಾತನ್ನು ಇನ್ನೂ ಹತ್ತಿರದಿಂದ ನೋಡಬೇಕಾಗಿದೆ. ೧೯೫೬ರ ನವೆಂಬರ್ ಒಂದರಂದು ಗಡಿರೇಖೆಯನ್ನು ಸರಕಾರವು ಎಳೆಯಿತು. ಆದರೆ ರೇಖೆಯೊಳಗಿನ ಮಗುವಿಗೆ ಕನ್ನಡವನ್ನು ಯಾರು ಕೊಡಬೇಕು? ರೇಖೆಯ ಹೊರಗುಳಿದ ಸೊಲ್ಲಾಪುರದಲ್ಲಿ ಕನ್ನಡಕ್ಕಾಗಿ ದುಡಿದ ಜಯದೇವಿತಾಯಿ ಲಿಗಾಡೆಯವರ ವಿದ್ಯಾಭ್ಯಾಸ ನಡೆದದ್ದು ಮರಾಠಿಯಲ್ಲಿ. ಕನ್ನಡವನ್ನು ತಾವಾಗಿ ಕಲಿತು, ೧೯೭೪ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯಾದರು. ಇತ್ತ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಬನ್ನಿ. ಜೇನುಕುರುಬರ ಮಗು ಮನೆಯಲ್ಲಾಡುವ ನುಡಿಯೇ ಬೇರೆ, ಪಠ್ಯಪುಸ್ತಕದ ನುಡಿಯೇ ಬೇರೆ. ಎರಡರ ನಡುವೆ ನಿಂತು, ಮಗುವಿನ ಮಾತನ್ನು ಜರೆಯದೆ ಅದರ ಕೈ ಹಿಡಿದು 'ಅ' ತಿದ್ದಿಸುವವರು ಯಾರು? ಬಹುಮಟ್ಟಿಗೆ ಒಬ್ಬ ಉಪಾಧ್ಯಾಯಿನಿ. ಆಕೆ ಒಂದು ವರ್ಷದಲ್ಲಿ ಮಾಡುವ ಕನ್ನಡದ ಕೆಲಸವನ್ನು ನಮ್ಮ ವೇದಿಕೆಯ ಭಾಷಣಗಳು ಹತ್ತು ವರ್ಷದಲ್ಲಿ ಮಾಡಿಲ್ಲವೆಂದು ನಾವು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಹಳೆಯ ಚಿತ್ರಗಳ ಸುದ್ದಿಯನ್ನು ಇಂದೇಕೆ ಎತ್ತಿದಿರಿ ಎಂದು ಕೇಳುವವರಿರಬಹುದು. ೨೦೨೩ರ ಜೂನ್ ೧೧ರಿಂದ ರಾಜ್ಯದ ಬಸ್ಸುಗಳಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ದೊರೆತೊಡನೆ ಆ ಹಳೆಯ ಅಚ್ಚು ಮತ್ತೆ ಹೊರಬಿದ್ದಿತು: ಬಸ್ಸಿನ ತುಂಬ ಹೆಂಗಸರು, ಬಾಗಿಲಲ್ಲಿ ಜೋತಾಡುವ ಗಂಡಸು, ಮನೆಯಲ್ಲಿ ಆರಿದ ಒಲೆ. ಕಾಗದದ ಬದಲು ಕೈಫೋನಿನಲ್ಲಿ ಹರಿದಾಡಿತೆಂಬುದಷ್ಟೇ ಭೇದ. ಬೆಳಗಿನ ಬಸ್ಸಿನಲ್ಲಿ ಮೈಸೂರಿನಿಂದ ಹುಣಸೂರಿಗೆ ನಿಂತೇ ಬಂದು, ಅಲ್ಲಿಂದ ಮತ್ತೊಂದು ಬಸ್ಸಿಗೆ ಕಾದು, ಕಡೆಯ ಎರಡು ಮೈಲಿಯನ್ನು ನಡೆದು ಶಾಲೆ ಸೇರುವ ಹೆಣ್ಣುಮಗಳು ಆ ಚಿತ್ರದಲ್ಲಿ ಎಲ್ಲಿದ್ದಾಳೆ? ಆಕೆಗೆ ಊರಿನಲ್ಲಿ ಬಾಡಿಗೆಗೆ ಕೋಣೆ ಕೊಡಲು ಹಿಂಜರಿಯುವ ಮನೆಯೊಡೆಯನು ಎಲ್ಲಿದ್ದಾನೆ? ಸಂಬಳದ ದಿನ ಮಾತ್ರ ಅಕ್ಕರೆ ಉಕ್ಕುವ ಗಂಡನು ಎಲ್ಲಿದ್ದಾನೆ? ನಗುವುದಕ್ಕೆ ಇಲ್ಲಿ ಸಾಮಗ್ರಿ ಬೇಕಾದಷ್ಟುಂಟು. ಚಿತ್ರಕಾರ ಮಹಾಶಯರು ಕುಂಚವನ್ನು ಕೊಂಚ ಇತ್ತ ತಿರುಗಿಸಬಾರದೇಕೆ?

ಹಳೆಯ ಚಿತ್ರಗಳನ್ನು ಸುಡಬೇಕೆಂದು ನಾವು ಹೇಳುವುದಿಲ್ಲ. ಬರುವ ರಾಜ್ಯೋತ್ಸವದಲ್ಲಿ ನಾಲ್ಕು ತಾಲ್ಲೂಕುಗಳ ವಾಚನಾಲಯಗಳಲ್ಲಿಯೂ ಅವುಗಳನ್ನು ಗೋಡೆಗೆ ತೂಗುಹಾಕಲಿ, ಪ್ರತಿಯೊಂದರ ಕೆಳಗೂ ಖಾಲಿ ಹಾಳೆಯೊಂದನ್ನು ಅಂಟಿಸಲಿ. ಆಯಾ ಊರಿನ ಉಪಾಧ್ಯಾಯಿನಿಯರೂ ದಾದಿಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಅದರ ಮೇಲೆ ತಮಗೆ ತೋರಿದ ಮಾತನ್ನು ಬರೆಯಲಿ. ನಕ್ಕರೆ ನಗಲಿ, ಬೈದರೆ ಬೈಯಲಿ. ಮನೆಯ ಅಟ್ಟದಲ್ಲಿ ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿರುವವರು ಅಕ್ಟೋಬರ್ ಮುಗಿಯುವುದರೊಳಗೆ ತಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ತಂದೊಪ್ಪಿಸಬೇಕೆಂದು ಕೋರುತ್ತೇವೆ. ನೋಡಿಯಾದ ಮೇಲೆ ಒಂದು ಹಾಳೆಯೂ ಕಳೆಯದಂತೆ ಹಿಂದಿರುಗಿಸುವ ಹೊಣೆ ಆಯಾ ವಾಚನಾಲಯದವರದು.