ಗೇಮ್ ಕನ್ಸೋಲ್ ಮಾರಾಟ ದಾಖಲೆ: ನಿರ್ಣಾಯಕವಾದದ್ದು ಮೊದಲ ಬೆಲೆಯಲ್ಲ, ಕೊನೆಯ ಬೆಲೆ

ಜಪಾನಿನ ನಿಂಟೆಂಡೊ ಕಂಪನಿಯ ‘ಸ್ವಿಚ್’ ಗೇಮ್ ಕನ್ಸೋಲ್ 2025ರ ಸೆಪ್ಟೆಂಬರ್ ಅಂತ್ಯಕ್ಕೆ 15.401 ಕೋಟಿ ಮಾರಾಟವಾಗಿತ್ತು. ಅದೇ ಕಂಪನಿಯ ಹಳೆಯ ‘ಡಿಎಸ್’ ಯಂತ್ರದ ಒಟ್ಟು ಮಾರಾಟ 15.402 ಕೋಟಿ. ಅಂತರ ಕೇವಲ ಹತ್ತು ಸಾವಿರದಷ್ಟು. ವರ್ಷ ಮುಗಿಯುವಷ್ಟರಲ್ಲಿ ಸ್ವಿಚ್ ಆ ಗೆರೆ ದಾಟಿ, ನಿಂಟೆಂಡೊ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದ ಕನ್ಸೋಲ್ ಎನಿಸಿಕೊಂಡಿತು. ಈಗ ಅದರ ಮುಂದೆ ಉಳಿದಿರುವುದು ಒಂದೇ ಹೆಸರು: 16 ಕೋಟಿಗೂ ಹೆಚ್ಚು ಮಾರಾಟವಾದ ಸೋನಿಯ ಪ್ಲೇಸ್ಟೇಷನ್ 2.

ಈ ಪೈಪೋಟಿಯ ಜತೆಗೇ ಗೇಮ್ ಪ್ರಿಯರ ನಡುವೆ ಹಳೆಯ ಚರ್ಚೆಯೊಂದು ಮತ್ತೆ ಶುರುವಾಗಿದೆ. ಪ್ಲೇಸ್ಟೇಷನ್ 2 ಗೆದ್ದದ್ದು ಅಗ್ಗವಾಗಿದ್ದರಿಂದ ಎನ್ನುವುದು ಒಂದು ವಾದ. ಬೆಲೆಯನ್ನೇ ಇಳಿಸದೆ ಅದರ ಹತ್ತಿರಕ್ಕೆ ಬಂದ ಸ್ವಿಚ್‌ನದ್ದೇ ನಿಜವಾದ ಸಾಧನೆ ಎನ್ನುವುದು ಇನ್ನೊಂದು. ಯಾರು ಮೊದಲು ಎಂಬ ಕುತೂಹಲವನ್ನು ಬದಿಗಿಟ್ಟು ಅಂಕಿಗಳನ್ನು ನೋಡಿದರೆ, ಅವು ಹೇಳುವ ಕಥೆ ಬೇರೆಯೇ ಇದೆ. ಕನ್ಸೋಲ್ ಬಿಡುಗಡೆಯಾದ ದಿನದ ಬೆಲೆಗಿಂತ ಐದಾರು ವರ್ಷಗಳ ನಂತರದ ಬೆಲೆಯೇ ಒಟ್ಟು ಮಾರಾಟದಲ್ಲಿ ದೊಡ್ಡ ಪಾತ್ರ ವಹಿಸಿದೆ. ಆ ನಂತರದ ಬೆಲೆ ಈಗ ಇಳಿಯುವ ಬದಲು ಏರುತ್ತಿದೆ.

ಲೆಕ್ಕದಲ್ಲೇ ಇರುವ ತೊಡಕು

ಮೊದಲಿಗೆ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ಕಂಪನಿಗಳು ಹೇಳುವ ‘ಮಾರಾಟ’ ಎಂದರೆ ಸಾಮಾನ್ಯವಾಗಿ ಅಂಗಡಿ ಮತ್ತು ವಿತರಕರಿಗೆ ಕಳುಹಿಸಿದ ಯಂತ್ರಗಳ ಸಂಖ್ಯೆ; ಗ್ರಾಹಕರು ಮನೆಗೆ ಒಯ್ದವುಗಳ ಸಂಖ್ಯೆಯಲ್ಲ. ಪ್ಲೇಸ್ಟೇಷನ್ 2ರ ಉತ್ಪಾದನೆ ನಿಂತದ್ದು 2013ರ ಆರಂಭದ ಹೊತ್ತಿಗೆ. ಅಂತಿಮ ಸಂಖ್ಯೆಯನ್ನು ಸೋನಿ ಆಗ ಹೇಳಲೇ ಇಲ್ಲ. 15.5 ಕೋಟಿಗೂ ಹೆಚ್ಚು ಎಂಬ ಹಳೆಯ ಅಂಕಿಯೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಚಾಲ್ತಿಯಲ್ಲಿತ್ತು. 2024ರಲ್ಲಿ, ಪ್ಲೇಸ್ಟೇಷನ್ ವಿಭಾಗದ ಮುಖ್ಯಸ್ಥರಾಗಿದ್ದ ಜಿಮ್ ರಯನ್ ನಿವೃತ್ತಿಗೆ ಸ್ವಲ್ಪ ಮುನ್ನ 16 ಕೋಟಿ ಎಂದರು. ಅದೇ ವರ್ಷದ ಕೊನೆಯಲ್ಲಿ ಕಂಪನಿಯೂ 16 ಕೋಟಿಗೂ ಹೆಚ್ಚು ಎಂದು ಅಧಿಕೃತವಾಗಿ ಪ್ರಕಟಿಸಿತು.

ಮೈಕ್ರೋಸಾಫ್ಟ್ ಅಂತೂ 2015ರಿಂದ ಎಕ್ಸ್‌ಬಾಕ್ಸ್‌ಗಳ ಸಂಖ್ಯೆ ಹೇಳುವುದನ್ನೇ ಬಿಟ್ಟಿದೆ. ಹೀಗಾಗಿ ಕೆಲವು ಲಕ್ಷಗಳ ಅಂತರ ಹಿಡಿದು ಜಗಳವಾಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಆದರೆ ಕೋಟಿಗಳ ಅಂತರಕ್ಕೆ ಕಾರಣ ಇರಲೇಬೇಕು.

ಮೊದಲ 10 ಕೋಟಿ, ಆಮೇಲಿನ 6 ಕೋಟಿ

ಇದಕ್ಕೆ ಅತ್ಯುತ್ತಮ ಉದಾಹರಣೆ ಸೋನಿಯದ್ದೇ ಎರಡು ಯಂತ್ರಗಳು. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2, 10 ಕೋಟಿ ತಲುಪಲು 5 ವರ್ಷ 9 ತಿಂಗಳು ತೆಗೆದುಕೊಂಡಿತು. 2013ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 4 ಅದಕ್ಕಿಂತ ಎರಡು ತಿಂಗಳು ಮೊದಲೇ, ಅಂದರೆ 5 ವರ್ಷ 7 ತಿಂಗಳಲ್ಲಿ ಆ ಸಂಖ್ಯೆ ಮುಟ್ಟಿತು. ಅಲ್ಲಿಯವರೆಗೆ ಎರಡೂ ಹೆಚ್ಚು ಕಡಿಮೆ ಸಮಬಲ.

ಆಮೇಲೆ ದಾರಿ ಕವಲೊಡೆಯಿತು. ಪ್ಲೇಸ್ಟೇಷನ್ 4 ಸುಮಾರು 11.7 ಕೋಟಿಗೆ ನಿಂತಿತು. ಪ್ಲೇಸ್ಟೇಷನ್ 2 ಇನ್ನೂ 6 ಕೋಟಿಯಷ್ಟು ಮಾರಾಟವಾಯಿತು. ಅದರಲ್ಲಿ ಬಹುಪಾಲು, ಮುಂದಿನ ತಲೆಮಾರಿನ ಪ್ಲೇಸ್ಟೇಷನ್ 3 ಮಾರುಕಟ್ಟೆಗೆ ಬಂದ ಮೇಲೆ ಆದ ವ್ಯಾಪಾರ.

ಬೆಲೆಯ ಇತಿಹಾಸ ನೋಡಿದರೆ ಕಾರಣ ಹೊಳೆಯುತ್ತದೆ. ಅಮೆರಿಕದಲ್ಲಿ ಪ್ಲೇಸ್ಟೇಷನ್ 2ರ ಆರಂಭಿಕ ಬೆಲೆ 299 ಡಾಲರ್. 2002ರಲ್ಲಿ ಅದು 199ಕ್ಕೆ ಇಳಿಯಿತು. 2003ರಲ್ಲಿ 179, 2004ರಲ್ಲಿ 149, 2006ರಲ್ಲಿ 129, ಕೊನೆಗೆ 2009ರ ಏಪ್ರಿಲ್‌ನಲ್ಲಿ 99 ಡಾಲರ್. ಪ್ಲೇಸ್ಟೇಷನ್ 4 ಶುರುವಾದದ್ದು 399 ಡಾಲರ್‌ಗೆ. 2016ರಲ್ಲಿ ತೆಳುವಾದ ಮಾದರಿ ಬಂದಾಗ 299ಕ್ಕೆ ಇಳಿದ ಅದರ ಅಧಿಕೃತ ಬೆಲೆ ಮುಂದೆ ಅಲ್ಲೇ ಉಳಿಯಿತು. ಹಬ್ಬದ ರಿಯಾಯಿತಿಗಳು ಬಂದು ಹೋದವು, ಅಷ್ಟೆ.

299 ಡಾಲರ್ ಕೊಡಬಲ್ಲ ಕುಟುಂಬಗಳೆಲ್ಲ ಕೊಂಡಾದ ಮೇಲೆ ಉಳಿಯುವುದು 150 ಅಥವಾ 100 ಡಾಲರ್ ಮಾತ್ರ ಕೊಡಬಲ್ಲ ಕುಟುಂಬಗಳು. ಪ್ಲೇಸ್ಟೇಷನ್ 2 ಅವರ ಬಾಗಿಲಿಗೂ ಹೋಯಿತು. ಪ್ಲೇಸ್ಟೇಷನ್ 4 ಹೋಗಲಿಲ್ಲ. ಉತ್ಪಾದನೆ ಎಷ್ಟು ಕಾಲ ಮುಂದುವರಿಯಿತು, ಹೊಸ ಯಂತ್ರದಲ್ಲಿ ಹಳೆಯ ಗೇಮ್ ಆಡಲು ಬರುತ್ತದೆಯೇ ಎಂಬ ಅಂಶಗಳೂ ಇಲ್ಲಿ ಕೆಲಸ ಮಾಡಿವೆ. ಆದರೂ ಇಷ್ಟು ದೊಡ್ಡ ಅಂತರವನ್ನು ಬೆಲೆಯ ಮಾತೆತ್ತದೆ ವಿವರಿಸುವುದು ಕಷ್ಟ.

ಅಗ್ಗವಾದರೆ ಸಾಕೇ?

ಹಾಗೆಂದು ಬೆಲೆಯೊಂದೇ ಎಲ್ಲವೂ ಅಲ್ಲ. ಸೆಗಾ ಕಂಪನಿಯ ‘ಡ್ರೀಮ್‌ಕಾಸ್ಟ್’ 1999ರಲ್ಲಿ ಅಮೆರಿಕಕ್ಕೆ ಬಂದಾಗ ಬೆಲೆ 199 ಡಾಲರ್. ಪ್ಲೇಸ್ಟೇಷನ್ 2ಕ್ಕಿಂತ ನೂರು ಡಾಲರ್ ಕಡಿಮೆ. ನಂತರ 149ಕ್ಕೆ, ಆಮೇಲೆ 99ಕ್ಕೆ ಇಳಿಸಿದರೂ ಒಟ್ಟು ಮಾರಾಟ 1 ಕೋಟಿ ಮುಟ್ಟಲಿಲ್ಲ. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯಿಂದಲೇ ಹಿಂದೆ ಸರಿಯಿತು. ನಿಂಟೆಂಡೊದ ‘ಗೇಮ್‌ಕ್ಯೂಬ್’ ಕೂಡ 199 ಡಾಲರ್‌ಗೆ ಶುರುವಾಗಿ ಎರಡೇ ವರ್ಷದಲ್ಲಿ 99ಕ್ಕೆ ಇಳಿಯಿತು. ಮಾರಾಟವಾದದ್ದು 2.17 ಕೋಟಿ.

ಅಂದರೆ ಜನರಿಗೆ ಬೇಡವಾದದ್ದನ್ನು ಅಗ್ಗದ ಬೆಲೆ ಮಾರಿಸಲಾರದು. ಪ್ಲೇಸ್ಟೇಷನ್ 2ರಲ್ಲಿ ಡಿವಿಡಿ ಸಿನಿಮಾ ನೋಡಬಹುದಿತ್ತು, ಅದು ಹಿಂದಿನ ಪ್ಲೇಸ್ಟೇಷನ್‌ನ ಗೇಮ್‌ಗಳನ್ನೂ ಆಡಿಸುತ್ತಿತ್ತು, ಹೊಸ ಗೇಮ್‌ಗಳ ಪಟ್ಟಿಯೂ ಉದ್ದವಾಗಿತ್ತು. ಬೇಡಿಕೆ ಮೊದಲೇ ಇದ್ದ ಯಂತ್ರದ ಬೆಲೆ ಇಳಿದಾಗ ಹೊಸ ಗ್ರಾಹಕರು ಬಂದರು.

ಬೆಲೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2006ರಲ್ಲಿ ಸೋನಿ ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599 ಡಾಲರ್ ಬೆಲೆ ಇಟ್ಟಿತು. ಅದೇ ತಿಂಗಳು ಬಂದ ನಿಂಟೆಂಡೊ ‘ವೀ’ ಬೆಲೆ 249 ಡಾಲರ್. ವೀ 10.16 ಕೋಟಿ ಮಾರಾಟವಾದರೆ, ಪ್ಲೇಸ್ಟೇಷನ್ 3 ಸುಮಾರು 8.7 ಕೋಟಿಗೆ ನಿಂತಿತು. ಅದೂ 2009ರಲ್ಲಿ 299 ಡಾಲರ್‌ನ ತೆಳುವಾದ ಮಾದರಿ ಬಂದ ಮೇಲೆ ಚೇತರಿಸಿಕೊಂಡದ್ದು. ಅಷ್ಟು ಬೆಲೆ ಇಟ್ಟರೂ ಸೋನಿಗೆ ಲಾಭವಾಗಲಿಲ್ಲ. 2006-07ರ ಹಣಕಾಸು ವರ್ಷದಲ್ಲಿ ಅದರ ಗೇಮ್ ವಿಭಾಗಕ್ಕೆ 23,000 ಕೋಟಿ ಯೆನ್‌ಗೂ ಹೆಚ್ಚು ನಷ್ಟವಾಯಿತು.

ನಿಂಟೆಂಡೊ ಈ ಪಾಠ ಕಲಿತದ್ದು 2011ರಲ್ಲಿ. ‘3ಡಿಎಸ್’ ಬೆಲೆಯನ್ನು ಆರು ತಿಂಗಳೊಳಗೇ 249ರಿಂದ 169 ಡಾಲರ್‌ಗೆ ಇಳಿಸಬೇಕಾಯಿತು. ಹೆಚ್ಚು ಕೊಟ್ಟು ಮೊದಲೇ ಕೊಂಡವರಿಗೆ ಕಂಪನಿ 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ಕೊಟ್ಟಿತು. ಅಂದಿನ ಅಧ್ಯಕ್ಷ ಸಟೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಆ ಯಂತ್ರ ಕೊನೆಗೆ 7.59 ಕೋಟಿ ಮಾರಾಟವಾಯಿತು.

ಸ್ವಿಚ್ ಹಿಡಿದ ಬೇರೆ ದಾರಿ

ಹಾಗಾದರೆ ಸ್ವಿಚ್? 2017ರ ಮಾರ್ಚ್‌ನಲ್ಲಿ 299 ಡಾಲರ್‌ಗೆ ಬಂದ ಅದರ ಮೂಲ ಮಾದರಿಯ ಅಧಿಕೃತ ಬೆಲೆ ಅಮೆರಿಕದಲ್ಲಿ ಎಂಟು ವರ್ಷ ಇಳಿಯಲಿಲ್ಲ. ಬೆಲೆ ಇಳಿಸದೆಯೂ ಗೆಲ್ಲಬಹುದು ಎನ್ನುವವರು ಮುಂದಿಡುವ ಉದಾಹರಣೆ ಇದೇ.

ಆದರೆ 2019ರಲ್ಲಿ ನಿಂಟೆಂಡೊ ‘ಸ್ವಿಚ್ ಲೈಟ್’ ಎಂಬ ಮಾದರಿಯನ್ನು 199 ಡಾಲರ್‌ಗೆ ತಂದಿತು. ಟಿವಿಗೆ ಜೋಡಿಸುವ ಸೌಲಭ್ಯ ತೆಗೆದು ನೂರು ಡಾಲರ್ ಕಡಿಮೆ ಮಾಡಿತು. ಹಳೆಯ ಬೆಲೆಯನ್ನು ಮುಟ್ಟದೆಯೇ ಬಡ ಗ್ರಾಹಕರಿಗೆ ಇನ್ನೊಂದು ಬಾಗಿಲು ತೆರೆದಂತಾಯಿತು. ಅದರ ಜತೆಗೆ ಸ್ವಿಚ್ ಕೈಯಲ್ಲಿ ಹಿಡಿದು ಆಡುವ ಯಂತ್ರವೂ ಹೌದು. ಟಿವಿಗೆ ಜೋಡಿಸುವ ಕನ್ಸೋಲ್ ಮನೆಗೊಂದು ಇದ್ದರೆ ಸಾಕು. ಇದು ಅಣ್ಣನಿಗೊಂದು, ತಂಗಿಗೊಂದು ಬೇಕಾಗುತ್ತದೆ. ಹಾಗಾಗಿ 15 ಕೋಟಿ ಸ್ವಿಚ್ ಎಂದರೆ 15 ಕೋಟಿ ಮನೆಗಳು ಎಂದಲ್ಲ. ಪ್ಲೇಸ್ಟೇಷನ್ 2 ಜತೆ ಅದನ್ನು ನೇರವಾಗಿ ಹೋಲಿಸುವಾಗ ಇದು ನೆನಪಿರಬೇಕು.

ಹಳೆಯದಾದಷ್ಟೂ ದುಬಾರಿ

2025ರಲ್ಲಿ ನಡೆದದ್ದು ಈ ಉದ್ಯಮದ ಹಳೆಯ ರೂಢಿಗೆ ತದ್ವಿರುದ್ಧ. ಎಂಟು ವರ್ಷ ಹಳೆಯದಾದ ಸ್ವಿಚ್‌ನ ಬೆಲೆಯನ್ನು ಆಗಸ್ಟ್‌ನಲ್ಲಿ ಅಮೆರಿಕದಲ್ಲಿ 339 ಡಾಲರ್‌ಗೆ ಏರಿಸಲಾಯಿತು. ಲೈಟ್ ಮಾದರಿ 229 ಆಯಿತು. 2020ರಲ್ಲಿ 499 ಡಾಲರ್‌ಗೆ ಬಂದಿದ್ದ ಪ್ಲೇಸ್ಟೇಷನ್ 5 ಅದೇ ತಿಂಗಳು 549 ಆಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬೆಲೆಯನ್ನು ಮೈಕ್ರೋಸಾಫ್ಟ್ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಏರಿಸಿ 499ರಿಂದ 649 ಡಾಲರ್‌ಗೆ ಒಯ್ದಿತು.

ಅಮೆರಿಕದ ಆಮದು ಸುಂಕ ಇದಕ್ಕೆ ಒಂದು ಕಾರಣ. ಆದರೆ ಅದಕ್ಕಿಂತ ಆಳದಲ್ಲಿ ಚಿಪ್‌ಗಳ ಸಮಸ್ಯೆಯಿದೆ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಚಿಪ್‌ಗಳ ಗಾತ್ರ ಕಿರಿದಾಗುತ್ತಿತ್ತು, ತಯಾರಿಕೆಯ ವೆಚ್ಚವೂ ಇಳಿಯುತ್ತಿತ್ತು. ಎರಡು ಮುಖ್ಯ ಚಿಪ್‌ಗಳನ್ನು ಒಂದರಲ್ಲೇ ಸೇರಿಸಲು ಸೋನಿಗೆ ಸಾಧ್ಯವಾಗಿತ್ತು. ಈಗ ಚಿಪ್ ಕಿರಿದಾದರೂ ವೆಚ್ಚ ಅದೇ ಪ್ರಮಾಣದಲ್ಲಿ ಇಳಿಯುತ್ತಿಲ್ಲ. 2020ರಲ್ಲಿ 7 ನ್ಯಾನೊಮೀಟರ್ ತಂತ್ರಜ್ಞಾನದಿಂದ ಶುರುವಾದ ಪ್ಲೇಸ್ಟೇಷನ್ 5ರ ಚಿಪ್ ಎರಡು ವರ್ಷಗಳ ಬಳಿಕ 6 ನ್ಯಾನೊಮೀಟರ್‌ಗೆ ಬಂತು. ಗ್ರಾಹಕರಿಗೆ ಬೆಲೆ ಇಳಿಯಲಿಲ್ಲ.

ಕಂಪನಿಗಳ ಆಸಕ್ತಿಯೂ ಬದಲಾಗಿದೆ. ಹಿಂದೆ ಯಂತ್ರವನ್ನು ನಷ್ಟಕ್ಕೆ ಮಾರಿ ಗೇಮ್‌ಗಳಲ್ಲಿ ಲಾಭ ತೆಗೆಯುವುದು ಲೆಕ್ಕಾಚಾರವಾಗಿತ್ತು; ಹೆಚ್ಚು ಮನೆಗಳನ್ನು ತಲುಪುವುದು ಆಗ ಅನಿವಾರ್ಯ. ಈಗ ಮಾಸಿಕ ಚಂದಾ ಮತ್ತು ಗೇಮ್ ಒಳಗಿನ ಖರೀದಿಗಳಿಂದ, ಈಗಾಗಲೇ ಇರುವ ಗ್ರಾಹಕರಿಂದಲೇ ಹೆಚ್ಚು ಹಣ ಬರುತ್ತದೆ.

ಹಣದುಬ್ಬರ ಸೇರಿಸಿದರೆ?

ಬೆಲೆ ಏರಿಕೆಯನ್ನು ಸಮರ್ಥಿಸುವವರ ವಾದದಲ್ಲೂ ಹುರುಳಿದೆ. 2000ದ 299 ಡಾಲರ್, ಅಮೆರಿಕದ ಹಣದುಬ್ಬರ ಸೇರಿಸಿದರೆ 2025ರ ಸುಮಾರು 550 ಡಾಲರ್‌ಗೆ ಸಮ. ಆ ಲೆಕ್ಕದಲ್ಲಿ 449 ಡಾಲರ್‌ನ ಹೊಸ ಸ್ವಿಚ್ 2 ಅಂದಿನ ಪ್ಲೇಸ್ಟೇಷನ್ 2ಕ್ಕಿಂತ ಅಗ್ಗ. 2025ರ ಜೂನ್‌ನಲ್ಲಿ ಬಿಡುಗಡೆಯಾದ ಅದು ನಾಲ್ಕೇ ದಿನಗಳಲ್ಲಿ 35 ಲಕ್ಷ ಮಾರಾಟವಾದದ್ದೂ ನಿಜ. ಪ್ಲೇಸ್ಟೇಷನ್ 5 ಕೂಡ ಸೆಪ್ಟೆಂಬರ್ ಅಂತ್ಯಕ್ಕೆ 8.42 ಕೋಟಿ ತಲುಪಿತ್ತು. ಅದೇ ವಯಸ್ಸಿನಲ್ಲಿದ್ದ ಪ್ಲೇಸ್ಟೇಷನ್ 4ಕ್ಕೆ ಹೋಲಿಸಿದರೆ ಹೆಚ್ಚೇನೂ ಹಿಂದೆ ಬಿದ್ದಿಲ್ಲ.

ಆದರೆ ಈ ಹೋಲಿಕೆ ಮೊದಲ ದಿನದ ಬೆಲೆಗೆ ಮಾತ್ರ ಹೊಂದುತ್ತದೆ. 2004ರ 149 ಡಾಲರ್ ಇಂದಿನ ಸುಮಾರು 250 ಡಾಲರ್‌ಗೆ ಸಮ. ಹೆಚ್ಚು ಕಡಿಮೆ ಅದೇ ವಯಸ್ಸಿನ ಪ್ಲೇಸ್ಟೇಷನ್ 5ಕ್ಕೆ 2025ರಲ್ಲಿ 549 ಕೊಡಬೇಕಿತ್ತು. ಮೊದಲ ದಿನ ಕೊಳ್ಳುವವರಿಗೆ ಹೆಚ್ಚು ವ್ಯತ್ಯಾಸವಾಗಿಲ್ಲ. ಕಾಯುವವರಿಗೆ ದುಪ್ಪಟ್ಟಾಗಿದೆ.

ಭಾರತದ ಗ್ರಾಹಕರು ಎಲ್ಲಿದ್ದಾರೆ?

ತಡವಾಗಿ ಕೊಳ್ಳುವವರ ಸಾಲಿನಲ್ಲಿ ಭಾರತ ಯಾವತ್ತೂ ಇತ್ತು. ಪ್ಲೇಸ್ಟೇಷನ್ 2 ಹುಟ್ಟಿ ಒಂಬತ್ತು ವರ್ಷವಾದ ಮೇಲೆ, 2009ರಲ್ಲಿ, ಹೈದರಾಬಾದಿನ ಕಂಪನಿಯೊಂದು ಅದಕ್ಕಾಗಿ ‘ಹನುಮಾನ್: ಬಾಯ್ ವಾರಿಯರ್’ ಎಂಬ ಗೇಮ್ ತಯಾರಿಸಿತು. ಅಮೆರಿಕದಲ್ಲಿ ಮುಗಿದ ಅಧ್ಯಾಯವಾಗಿದ್ದ ಯಂತ್ರ ಇಲ್ಲಿ ಆಗಷ್ಟೇ ಮಧ್ಯಮ ವರ್ಗದ ಕೈಗೆಟುಕುತ್ತಿತ್ತು. ದೆಹಲಿಯ ಪಾಲಿಕಾ ಬಜಾರ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್‌ಗಳಲ್ಲಿ ಅಲೆದು ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ? 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಇಲ್ಲಿಗೆ ಬಂದ ಪ್ಲೇಸ್ಟೇಷನ್ 5ರ ಬೆಲೆಯನ್ನು ಮರುವರ್ಷವೇ 54,990ಕ್ಕೆ ಏರಿಸಲಾಯಿತು. ಹಬ್ಬದ ಆಫರ್‌ಗಳಲ್ಲಿ ಕೆಲವು ಸಾವಿರ ಇಳಿದು ಮತ್ತೆ ಏರುತ್ತದೆ. ಸ್ವಿಚ್‌ಗಂತೂ ಇಲ್ಲಿ ಅಧಿಕೃತ ಮಾರಾಟ ವ್ಯವಸ್ಥೆಯೇ ಇರಲಿಲ್ಲ. ಬೇಕಾದವರು ಹೊರಗಿನಿಂದ ತರಿಸಿದ ಯಂತ್ರವನ್ನೇ ಕೊಳ್ಳಬೇಕಾಯಿತು. ಕಾದರೆ ಬೆಲೆ ಇಳಿಯುತ್ತದೆ ಎಂದು ಮಕ್ಕಳಿಗೆ ಸಮಾಧಾನ ಹೇಳುತ್ತಿದ್ದ ತಂದೆ ತಾಯಿಯರ ಮಾತು ಈಗ ನಡೆಯುವುದಿಲ್ಲ. ಆ ಮಕ್ಕಳು ಮೊಬೈಲ್ ಗೇಮ್‌ಗಳಲ್ಲೇ ಉಳಿಯುತ್ತಾರೆ. ಅವರಲ್ಲಿ ಹಲವರು ಮುಂದೆ ದುಡಿಯುವಾಗಲೂ ಕನ್ಸೋಲ್‌ನತ್ತ ತಿರುಗದಿರಬಹುದು. ದೂರದ ನಷ್ಟ ಕಂಪನಿಗಳಿಗೂ ಇದೆ.

ಸ್ವಿಚ್ 16 ಕೋಟಿ ದಾಟುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಇಂದಲ್ಲ ನಾಳೆ ಸಿಗುತ್ತದೆ. ದಾಟಿದರೂ ಪ್ಲೇಸ್ಟೇಷನ್ 2ರ ಸಾಧನೆ ಚಿಕ್ಕದಾಗುವುದಿಲ್ಲ. ಆ ದಾಖಲೆಯ ಕೊನೆಯ ಕೋಟಿಗಳಲ್ಲಿದ್ದವರು ಒಂಬತ್ತು ವರ್ಷ ಕಾದು, 99 ಡಾಲರ್‌ಗೆ ತಮ್ಮ ಮನೆಗೂ ಒಂದು ಯಂತ್ರ ತಂದವರು. ಬೆಲೆ ಹೀಗೇ ಏರುತ್ತಾ ಹೋದರೆ ಮುಂದಿನ ಯಾವ ಕನ್ಸೋಲ್‌ನ ಲೆಕ್ಕದಲ್ಲೂ ಅಂಥವರು ಇರುವುದಿಲ್ಲ.