ಕತ್ತರಿಸುವ ದಾರ, ಕೂಡಿಸುವ ದಾರ

ಆಷಾಢದಲ್ಲಿ ದೊಡ್ಡವರಿಗೆ ಸಂಭ್ರಮ ಕಡಿಮೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಒಳ್ಳೆಯ ಕೆಲಸಕ್ಕೆ ಆಗದ ತಿಂಗಳು ಎಂದು ಹಿರಿಯರು ಪಂಚಾಂಗ ಮುಚ್ಚಿಟ್ಟ ಹೊತ್ತಿಗೆ ಸರಿಯಾಗಿ ಮಕ್ಕಳ ಹಬ್ಬ ಶುರುವಾಗುತ್ತದೆ. ಗಾಳಿಪಟಕ್ಕೆ ಮುಹೂರ್ತ ಬೇಡ, ಗಾಳಿ ಬಂದರೆ ಸಾಕು.

“ಅಜ್ಜಿ, ಗುಜರಾತಿನಲ್ಲಿ ಸಂಕ್ರಾಂತಿಗೆ ಗಾಳಿಪಟ ಹಾರಿಸ್ತಾರಂತೆ. ನಾವ್ಯಾಕೆ ಆಷಾಢದಲ್ಲಿ?” ಎಂದು ನನ್ನ ಮೊಮ್ಮಗಳು ಕೇಳಿದಳು. ಉತ್ತರ ಅವಳ ಭೂಗೋಳದ ಪುಸ್ತಕದಲ್ಲೇ ಇದೆ. ನೈರುತ್ಯ ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಬರುವಾಗ ನೀರು ಹೊತ್ತು ತರುತ್ತದೆ. ಪಶ್ಚಿಮಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ಕರಾವಳಿಗೂ ಮಲೆನಾಡಿಗೂ ಧಾರಾಳವಾಗಿ ಮಳೆ ಸುರಿಸುತ್ತದೆ. ಘಟ್ಟ ದಾಟಿ ನಮ್ಮ ಬಯಲುಸೀಮೆಗೆ ಇಳಿಯುವಾಗ ಅದರ ಕೈ ಬಹುಪಾಲು ಖಾಲಿ. ಮಳೆ ಅವರ ಪಾಲು, ಗಾಳಿ ನಮ್ಮ ಪಾಲು! ಅದಕ್ಕೇ ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಆಷಾಢ ಬಂದರೆ ಆಕಾಶದ ತುಂಬ ಪಟಗಳು. ಮಂಗಳೂರಿನ ಹವ್ಯಾಸಿಗಳು ಮಾತ್ರ ಮಳೆ ಮುಗಿಯುವವರೆಗೆ ಕಾದು, ಪಣಂಬೂರಿನ ಕಡಲತೀರದಲ್ಲಿ ಕಥಕಳಿ, ಯಕ್ಷಗಾನದ ವೇಷಗಳನ್ನೇ ದೊಡ್ಡ ದೊಡ್ಡ ಪಟ ಮಾಡಿ ಹಾರಿಸುತ್ತಾರೆ.

ಆಷಾಢದ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ನಮ್ಮ ಪಟ ಪೂರ್ವದ ಕಡೆಗೆ ಏರುತ್ತದೆ. ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ, ಸೂರ್ಯ ಬೆನ್ನ ಹಿಂದಕ್ಕೆ ಬಂದ ಮೇಲೆ ಹೊರಡುವುದು ನಮ್ಮ ಮನೆಯ ಪದ್ಧತಿ.

ನಾವು ಪಟ ಕೊಳ್ಳುವುದಿಲ್ಲ, ಮಾಡುತ್ತೇವೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ತೆಳು ಕಾಗದ, ಎರಡು ಬಿದಿರಿನ ಕಡ್ಡಿ, ಅನ್ನದ ಅಗುಳು. ಇಷ್ಟೇ ಸಾಮಾನು. ಒಂದು ಕಡ್ಡಿ ಮೂಲೆಯಿಂದ ಮೂಲೆಗೆ ನೆಟ್ಟಗೆ. ಇನ್ನೊಂದು ಸ್ವಲ್ಪ ಉದ್ದ, ಬಿಲ್ಲಿನ ಹಾಗೆ ಬಾಗಿಸಿ ಅಡ್ಡಕ್ಕೆ. ಅಂಟಿಸಿ ಒಣಗಿಸಿದರೆ ಅರ್ಧ ಕೆಲಸ ಆಯಿತು. ಉಳಿದ ಅರ್ಧವೇ ಕಷ್ಟದ್ದು, ಅದು ಸೂತ್ರ ಕಟ್ಟುವುದು. ಎರಡು ಕಡ್ಡಿ ಸೇರುವಲ್ಲಿ ದಾರದ ಒಂದು ತುದಿ, ನೆಟ್ಟಗಿನ ಕಡ್ಡಿಯ ಕೆಳಭಾಗದಲ್ಲಿ ಇನ್ನೊಂದು ತುದಿ. ನಡುವೆ ಗಂಟು ಹಾಕುವಾಗ ಮೇಲಿನ ದಾರ ಕೆಳಗಿನದಕ್ಕಿಂತ ತುಸು ಗಿಡ್ಡ ಇರಬೇಕು. ಆಗ ಪಟದ ತಲೆ ಗಾಳಿಯ ಕಡೆಗೆ ವಾಲಿ ನಿಲ್ಲುತ್ತದೆ. ಓರೆಯಾಗಿ ನಿಂತ ಕಾಗದಕ್ಕೆ ಬಡಿದ ಗಾಳಿ ಕೆಳಕ್ಕೆ ತಿರುಗುತ್ತದೆ, ಪಟವನ್ನು ಮೇಲಕ್ಕೆ ನೂಕುತ್ತದೆ.

ಮೇಲೇರಿದ ಪಟ ಗಿರಕಿ ಹೊಡೆದರೆ ಬಾಲಂಗೋಚಿ ಉದ್ದ ಮಾಡಿ. ಯಾವಾಗಲೂ ಬಲಕ್ಕೇ ವಾಲಿದರೆ ಬಲಭಾಗ ಭಾರ ಇರಬಹುದು, ಎಡಕ್ಕೆ ಚೂರು ಕಾಗದ ಅಂಟಿಸಿ. ಏನು ಮಾಡಿದರೂ ಗೋತಾ ಹೊಡೆಯುತ್ತಿದ್ದರೆ ಸೂತ್ರ ಬಿಚ್ಚಿ ಮತ್ತೆ ಕಟ್ಟಿ. ಬೈದರೆ ಪಟ ಕೇಳುವುದಿಲ್ಲ.

ದಾರಿ ತಪ್ಪಿದವರನ್ನು ನಾವು ‘ಸೂತ್ರ ಹರಿದ ಗಾಳಿಪಟ’ ಎನ್ನುತ್ತೇವೆ. ಮಕ್ಕಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ದಾರ ಹರಿದರೆ ಪಟಕ್ಕೆ ಬಿಡುಗಡೆ ಅಲ್ಲವೇ, ಇನ್ನೂ ಎತ್ತರಕ್ಕೆ ಹೋಗಬೇಕಲ್ಲ? ಹೋಗುವುದಿಲ್ಲ. ಗಾಳಿ ಒಂದು ಕಡೆಗೆ ತಳ್ಳುವಾಗ ದಾರ ಇನ್ನೊಂದು ಕಡೆಗೆ ಹಿಡಿದು ನಿಲ್ಲಿಸುವುದರಿಂದಲೇ ಪಟ ಮೇಲಿರುವುದು. ದಾರ ಹೋದರೆ ಅದು ಬರೀ ಕಾಗದ.

ನಮ್ಮೂರ ಕೆರೆಯ ಪಕ್ಕದ ಬಯಲಿನಲ್ಲಿ ಆಷಾಢದ ಭಾನುವಾರಗಳಂದು ಹತ್ತು-ಹದಿನೈದು ಜನ ಸೇರುತ್ತೇವೆ. ನಿವೃತ್ತ ಗಣಿತದ ಮೇಷ್ಟ್ರು ಬರುತ್ತಾರೆ. ಬಾಲಂಗೋಚಿಗೆ ಬಟ್ಟೆ ಚೂರು ಒದಗಿಸುವ ದರ್ಜಿ ಬರುತ್ತಾರೆ. ಆಟೋ ಓಡಿಸುವ ತಮ್ಮ ಒಬ್ಬ ಮಕ್ಕಳನ್ನು ಕೂರಿಸಿಕೊಂಡು ಬರುತ್ತಾನೆ. ಗಾಳಿಪಟಕ್ಕೆ ಇಬ್ಬರು ಬೇಕೇ ಬೇಕು, ದೂರದಲ್ಲಿ ನಿಂತು ಪಟ ಎತ್ತಿ ಬಿಡುವವರು ಒಬ್ಬರು, ದಾರ ಎಳೆಯುವವರು ಒಬ್ಬರು. ನಮ್ಮ ವಯಸ್ಸಿನವರಿಗೆ ಓಡಲು ಮಂಡಿ ಕೇಳುವುದಿಲ್ಲ, ಆದರೆ ಗಾಳಿಯ ಗುಟ್ಟು ಗೊತ್ತು. ಮಕ್ಕಳಿಗೆ ಕಾಲಿದೆ, ತಾಳ್ಮೆ ಇಲ್ಲ. ಹೀಗಾಗಿ ಜೋಡಿ ಚೆನ್ನಾಗಿ ಕೂಡುತ್ತದೆ.

ಪಟದ ಎತ್ತರ ಅಳೆಯುವುದನ್ನು ಮೇಷ್ಟ್ರು ಕಲಿಸಿದರು. 50 ಮೀಟರ್ ದಾರ ಬಿಟ್ಟಿದ್ದೀರಿ ಅನ್ನಿ. ಬಿಗಿಯಾದ ದಾರ ನೆಲದೊಡನೆ ಎಷ್ಟು ಕೋನ ಮಾಡುತ್ತದೆ ಎಂದು ಕೋನಮಾಪಕದಿಂದ ನೋಡಿ. 30 ಡಿಗ್ರಿ ಇದ್ದರೆ ಎತ್ತರ ದಾರದ ಅರ್ಧ, 25 ಮೀಟರ್. 45 ಡಿಗ್ರಿ ಇದ್ದರೆ ಸುಮಾರು 35 ಮೀಟರ್. ಲೆಕ್ಕ ಎಂದರೆ ಮುಖ ತಿರುಗಿಸುವ ನನ್ನ ಮೊಮ್ಮಗಳು ಆ ದಿನ ಎಲ್ಲರ ಪಟದ ಎತ್ತರ ಬರೆದಿಟ್ಟಳು.

ಹೋದ ವರ್ಷ ಆ ಬಯಲಿಗೆ ನಾಲ್ಕು ಹುಡುಗರು ಹೊಸ ದಾರ ತಂದರು. ಜನ ‘ಚೈನಾ ಮಾಂಜಾ’ ಎಂದು ಕರೆಯುವ ನೈಲಾನ್ ದಾರ. ನಿಮಿಷದಲ್ಲಿ ಎಲ್ಲರ ಪಟ ಕತ್ತರಿಸಿ ಹಾಕಿದರು, ಕೇಕೆ ಹಾಕಿದರು. ಮುಂದಿನ ಭಾನುವಾರ ನಾವು ಹೋದಾಗ ಕೆರೆ ಏರಿಯ ಅರಳಿಮರದಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ಕೊಂಬೆಗೆ ಸಿಕ್ಕಿದ ದಾರ ರೆಕ್ಕೆಗೆ ಸುತ್ತಿಕೊಂಡಿತ್ತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಅದು ಒಳಗೆ ಇಳಿದಿತ್ತು. ಅಗ್ನಿಶಾಮಕ ದಳದವರು ಏಣಿ ಇಟ್ಟು ಇಳಿಸಿದರು. ಪಶುವೈದ್ಯರು ಗಾಯಕ್ಕೆ ಹೊಲಿಗೆ ಹಾಕಿ, “ಜೀವಕ್ಕೆ ತೊಂದರೆ ಇಲ್ಲ. ಹಾರುತ್ತದೆ ಅಂತ ಮಾತ್ರ ಹೇಳಲಾರೆ” ಎಂದರು.

ಇಂಗ್ಲಿಷಿನಲ್ಲಿ ಗಾಳಿಪಟಕ್ಕೆ ‘ಕೈಟ್’ ಎಂಬ ಹೆಸರು ಬಂದದ್ದೇ ಈ ಹಕ್ಕಿಯಿಂದ. ರೆಕ್ಕೆ ಬಡಿಯದೆ ಗಾಳಿಯಲ್ಲಿ ತೇಲುವ ಹದ್ದನ್ನು ನೋಡಿಯೇ ಅವರು ಕಾಗದದ ಪಟಕ್ಕೆ ಅದರ ಹೆಸರಿಟ್ಟರು. ಹೆಸರು ಕೊಟ್ಟ ಹಕ್ಕಿಯನ್ನೇ ನೆಲಕ್ಕೆ ಕೆಡವುವ ಆಟ ಯಾವ ಆಟ?

ಹತ್ತಿಯ ದಾರ ಮಳೆಯಲ್ಲಿ ನೆಂದು, ಬಿಸಿಲಲ್ಲಿ ಒಣಗಿ ಕೊಳೆತು ಹೋಗುತ್ತದೆ. ನೈಲಾನ್ ಹಾಗಲ್ಲ, ಕೊಂಬೆಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ದ್ವಿಚಕ್ರ ವಾಹನದಲ್ಲಿ ಹೋಗುವವರ ಕುತ್ತಿಗೆಯನ್ನೂ ಅದು ಸೀಳಿದೆ, ಪ್ರಾಣ ತೆಗೆದಿದೆ. ಅದಕ್ಕೇ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪಟ ಹಾರಿಸಲು ನೈಲಾನ್ ಮತ್ತು ಅಂಥ ಕೃತಕ ದಾರ ಬಳಸುವುದನ್ನು ದೇಶಕ್ಕೆಲ್ಲ ನಿಷೇಧಿಸಿತು.

ಹುಡುಗರಿಗೆ ಇದನ್ನೆಲ್ಲ ಹೇಳಿದಾಗ ಒಬ್ಬ ಮುಖ ಸಪ್ಪಗೆ ಮಾಡಿ ಕೇಳಿದ: “ಕತ್ತರಿಸದೇ ಇದ್ರೆ ಮಜಾ ಏನಿದೆ ಅಜ್ಜಿ? ಸುಮ್ನೆ ಹಿಡ್ಕೊಂಡು ನಿಲ್ಲೋದಾ?” ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಮೇಷ್ಟ್ರು ಒಂದು ಕಥೆಯಲ್ಲಿ ಕೊಟ್ಟರು.

ಅಮೆರಿಕ ಮತ್ತು ಕೆನಡಾ ನಡುವೆ ನಯಾಗರಾ ನದಿ ಆಳವಾದ ಕೊರಕಲಿನಲ್ಲಿ ಹರಿಯುತ್ತದೆ. 1848ರಲ್ಲಿ ಅಲ್ಲಿ ತೂಗುಸೇತುವೆ ಕಟ್ಟಬೇಕಿತ್ತು. ದಡದಿಂದ ದಡಕ್ಕೆ ಸುಮಾರು 800 ಅಡಿ, ಕೆಳಗೆ ಸೆಳೆತದ ನೀರು. ಮೊದಲ ಹಗ್ಗವನ್ನು ಆಚೆ ದಡಕ್ಕೆ ದಾಟಿಸುವುದು ಹೇಗೆ? ಪಟ ಹಾರಿಸಿ ದಾರ ದಾಟಿಸಿದವರಿಗೆ ಬಹುಮಾನ ಎಂದು ಎಂಜಿನಿಯರ್ ಚಾರ್ಲ್ಸ್ ಎಲೆಟ್ ಸಾರಿದರು. ಹೋಮನ್ ವಾಲ್ಶ್ ಎಂಬ ಹದಿಹರೆಯದ ಹುಡುಗ ಗಾಳಿ ಅನುಕೂಲವಾಗಿದ್ದ ಕೆನಡಾ ದಡಕ್ಕೆ ಹೋಗಿ ಪಟ ಬಿಟ್ಟ. ದಾರ ನದಿಯ ಮಂಜುಗಡ್ಡೆಗೆ ತಾಗಿ ತುಂಡಾಯಿತು. ದೋಣಿ ನಿಂತುಹೋಗಿ ಹುಡುಗ ಕೆಲವು ದಿನ ಆಚೆಯೇ ಉಳಿದ. ಆಮೇಲೆ ಪಟ ರಿಪೇರಿ ಮಾಡಿ ಮತ್ತೆ ಹಾರಿಸಿದ. ಈ ಸಲ ದಾರ ದಾಟಿತು. ಆ ದಾರಕ್ಕೆ ಅದಕ್ಕಿಂತ ದಪ್ಪ ದಾರ ಕಟ್ಟಿ ಎಳೆದರು, ಅದಕ್ಕೆ ಹಗ್ಗ, ಹಗ್ಗಕ್ಕೆ ಕಬ್ಬಿಣದ ತಂತಿ. ಅದೇ ವರ್ಷ ಜನ ಸೇತುವೆಯ ಮೇಲೆ ನಡೆದರು.

“ನೋಡಿದ್ರಾ, ಅವನ ದಾರ ಏನು ಮಾಡ್ತು?” ಎಂದರು ಮೇಷ್ಟ್ರು.

ನಮ್ಮ ಬಯಲಿನ ಆಟದ ನಿಯಮ ಅಂದಿನಿಂದ ಬೇರೆ. ಗಾಜಿನ ಪುಡಿ ಹಚ್ಚದ ಹತ್ತಿ ದಾರ ಮಾತ್ರ. ಹೆಚ್ಚು ಹೊತ್ತು ಪಟವನ್ನು ಮೇಲಿರಿಸಿದ ಜೋಡಿಗೆ ಗೆಲುವು, ಜೋಡಿಯಲ್ಲಿ ಒಬ್ಬರು ಅರುವತ್ತು ದಾಟಿದವರು, ಇನ್ನೊಬ್ಬರು ಹದಿನಾಲ್ಕರ ಒಳಗಿನವರು. ನಾಲ್ಕು ಹುಡುಗರಲ್ಲಿ ಇಬ್ಬರು ಬರುವುದನ್ನೇ ಬಿಟ್ಟರು. ಉಳಿದ ಇಬ್ಬರಲ್ಲಿ ಒಬ್ಬ ಈಗ ನನ್ನ ಜೋಡಿ. ಗಾಳಿ ಬಿದ್ದಾಗ ದಾರವನ್ನು ಹೇಗೆ ಹದವಾಗಿ ಎಳೆದು ಬಿಡಬೇಕು ಎಂದು ಅವನಿಗೆ ಹೇಳಿಕೊಟ್ಟೆ. ಪಟ ಇಳಿಯುತ್ತಾ ಬಂದು, ತಲೆಯ ಮೇಲೆ ಬಿತ್ತು ಅನ್ನುವಾಗ ಮತ್ತೆ ಏರುತ್ತದಲ್ಲ, ಆಗ ಅವನು ಹಾಕುವ ಕೇಕೆ ಹಿಂದಿನದಕ್ಕಿಂತ ಏನೂ ಕಡಿಮೆಯಿಲ್ಲ.

ಮಕ್ಕಳೇ, ಈ ಆಷಾಢದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಎಬ್ಬಿಸಿಕೊಂಡು ಬಯಲಿಗೆ ಹೋಗಿ. ಕರೆಂಟ್ ತಂತಿ, ರಸ್ತೆ, ತಡೆಗೋಡೆ ಇಲ್ಲದ ತಾರಸಿ, ಈ ಮೂರರ ಹತ್ತಿರ ಬೇಡ. ಪಟ ತಂತಿಗೆ ಸಿಕ್ಕಿಕೊಂಡರೆ ಅದರ ಆಸೆ ಬಿಡಿ. ಮೋಡ ಗುಡುಗಿದರೆ ತಕ್ಷಣ ಆಟ ನಿಲ್ಲಿಸಿ. ಹಕ್ಕಿಗಳು ಗೂಡಿಗೆ ಮರಳುವ ಸಂಜೆಯ ಹೊತ್ತಿಗೆ ಮುಂಚೆ ಪಟ ಇಳಿಸಿಬಿಡಿ. ದಾರಕ್ಕೆ ಸಿಕ್ಕ ಹಕ್ಕಿ ಕಂಡರೆ ಎಳೆಯಬೇಡಿ, ದೊಡ್ಡವರನ್ನು ಕರೆಯಿರಿ.

ಕೊನೆಯದಾಗಿ, ಹೊರಡುವ ಮುಂಚೆ ಬಯಲನ್ನು ಒಂದು ಸುತ್ತು ಹಾಕಿ. ನಿಮ್ಮದಿರಲಿ, ಬೇರೆಯವರದಿರಲಿ, ಬಿದ್ದ ದಾರದ ತುಂಡುಗಳನ್ನೆಲ್ಲ ಉಂಡೆಗೆ ಸುತ್ತಿಕೊಳ್ಳಿ. ನಮ್ಮ ಬಯಲಿನಲ್ಲಿ ಆ ಉಂಡೆ ಕಳೆದ ಭಾನುವಾರ ತೆಂಗಿನಕಾಯಿ ಗಾತ್ರಕ್ಕೆ ಬಂದಿತ್ತು. ನಿಮ್ಮೂರಿನದು ಎಷ್ಟು ದಪ್ಪ ಆಯಿತು, ಪಟ ಎಷ್ಟು ಎತ್ತರ ಹೋಯಿತು, ಎರಡನ್ನೂ ಬರೆದು ಕಳಿಸಿ.